ಬಡಿಸಿದ ಹೆಸರು

ಯಾರ ಮಗಳು ನೀನು ಎಂದು ನಮ್ಮಲ್ಲಿ ಯಾರೂ ಕೆಟ್ಟ ಮನಸ್ಸಿನಿಂದ ಕೇಳುವುದಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಕೇಳುತ್ತಾರೆ. ರೊಟ್ಟಿ ಮಾರುವವಳು ಕೇಳುತ್ತಾಳೆ. ಹಿರಿಯರಂತೂ ಕೇಳಲೇಬೇಕು. ಯಾವ ಊರು, ಅಪ್ಪ ಯಾರು, ಅವನಪ್ಪ ಯಾರು. ಏಳು ತಲೆಮಾರು ಒಪ್ಪಿಸಿದರೆ ಬೆನ್ನು ತಟ್ಟುತ್ತಾರೆ. ಹೇಳಲು ಬಾರದವರನ್ನು ಗುಲಾಮರ ಪೈಕಿ ಎನ್ನುತ್ತಾರೆ.

ಅರೂಕೆಯನ್ನು ನಮ್ಮಿಂದ ಕಿತ್ತುಕೊಂಡದ್ದು ಈ ಪ್ರಶ್ನೆ. ಅಲ್ಲ, ತಪ್ಪು ಹೇಳಿದೆ. ಪ್ರಶ್ನೆ ಎಲ್ಲ ಕಡೆ ಇತ್ತು, ಅದರಿಂದ ತಪ್ಪಿಸಿಕೊಳ್ಳುವುದು ಅವಳಿಗೆ ಗೊತ್ತಿತ್ತು. ಅವಳು ಕೊಡದೆ ಉಳಿಸಿಕೊಂಡಿದ್ದ ಉತ್ತರವನ್ನು ಬೇರೊಬ್ಬ ಕೊಟ್ಟ. ಅವನು ನಮ್ಮವನೇ.

ನಾನು ಜೂರಾ. ಇಸ್ತ್ರಿ ಮಾಡುವವಳು. ನಮ್ಮ ರಾಜಧಾನಿ ಬಿಷ್ಕೆಕ್ ಎಲ್ಲಿ ಮುಗಿಯುತ್ತದೋ ಅಲ್ಲಿಂದ ನಮ್ಮ ಬಡಾವಣೆ ಶುರು. ಮನೆಗಳಿವೆ, ನಂಬರಿಲ್ಲ. ಜನರಿದ್ದಾರೆ, ನೋಂದಣಿ ಇಲ್ಲ. ನೋಂದಣಿ ಇಲ್ಲದವರ ಮಗುವಿಗೆ ಶಾಲೆಯಲ್ಲಿ ಜಾಗವಿಲ್ಲ, ಬಸುರಿಗೆ ಆಸ್ಪತ್ರೆಯಲ್ಲಿ ಹಾಸಿಗೆಯಿಲ್ಲ, ಬೀದಿಗೆ ಕೊಳಾಯಿ ಇಲ್ಲ. ಆದರೆ ದೂರದ ದೊಡ್ಡ ಊರುಗಳ ಅಂಗಡಿಗಳಲ್ಲಿ ನೇತಾಡುವ ಹೆಂಗಸರ ಅಂಗಿಗಳು ನಮ್ಮ ನೆಲಮಾಳಿಗೆಗಳಲ್ಲೇ ಹುಟ್ಟುತ್ತವೆ.

ನಮ್ಮ ನೆಲಮಾಳಿಗೆಯಲ್ಲಿ ಕಿಟಕಿ ಎಂದರೆ ಬೀದಿಯವರ ಪಾದ ಕಾಣುವ ಒಂದು ಸೀಳು. ನಾನು ಹಬೆ ಇಸ್ತ್ರಿಯ ಮುಂದೆ ನಿಲ್ಲುತ್ತೇನೆ. ನಿಂತೇ ಇರುತ್ತೇನೆ. ಸಂಜೆಗೆ ಮೀನಖಂಡದ ನರಗಳು ಎರೆಹುಳುಗಳ ಹಾಗೆ ಉಬ್ಬುತ್ತವೆ. ಮಣಿಕಟ್ಟಿನ ಒಳಗೆ ಸುಟ್ಟ ಗುರುತುಗಳ ಮೇಲೆ ಸುಟ್ಟ ಗುರುತುಗಳು. ಕೆಮ್ಮಿದರೆ ಆ ವಾರ ಯಾವ ಬಣ್ಣದ ಬಟ್ಟೆ ಬಂದಿತ್ತೋ ಆ ಬಣ್ಣದ ಕಫ. ಅರೂಕೆ ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಯಂತ್ರದಲ್ಲಿ ಕೂರುತ್ತಿದ್ದಳು. ಅವಳ ಹಿಂದೆ, ಬಲ್ಬಿನ ಕೆಳಗೆ, ದಾರ ಕತ್ತರಿಸುವ ಕಲೀಪಾ ಎಜೆ. ಎಜೆ ಎಂದರೆ ಅಕ್ಕ. ಆದರೆ ಅವಳಿಗೆ ನಮ್ಮೆಲ್ಲರ ಅಮ್ಮನಾಗುವಷ್ಟು ವಯಸ್ಸು, ಅತ್ತೆಯಾಗುವಷ್ಟು ನಾಲಿಗೆ.

"ಏ ಹುಡುಗಿ, ನಿನ್ನ ಯಂತ್ರದ ಹಲ್ಲಿಗೆ ಎಣ್ಣೆ ಬಿಡು. ನನ್ನ ಗಂಡ ಗೊರಕೆ ಹೊಡೆದ ಹಾಗೆ ಕೇಳುತ್ತೆ."

"ಎಜೆ, ನಿಮ್ಮ ಗಂಡ ಸತ್ತು ಎಷ್ಟೋ ವರ್ಷ ಆಯ್ತಲ್ಲ?"

"ಅದಕ್ಕೇ ಹೇಳಿದ್ದು. ಈಗಲೂ ನಿದ್ದೆ ಕೆಡಿಸ್ತಾನೆ."

ಅರೂಕೆ ನಗುವುದು ಹೀಗೆ: ಬಾಯಿಯನ್ನು ಬಟ್ಟೆಯ ತುಂಡಿನಿಂದ ಮುಚ್ಚಿಕೊಂಡು. ನಗು ಹೊರಗೆ ಹೋದರೆ ಯಾರೋ ಹಿಂಬಾಲಿಸಿ ಬರುತ್ತಾರೆ ಎನ್ನುವ ಹಾಗೆ.

ಅವಳ ಕಥೆ ನನಗೆ ಮಾತ್ರ ಗೊತ್ತಿತ್ತು. ಯಂತ್ರ ಓಡುತ್ತಿರುವಾಗ, ಬೇರೆಯವರಿಗೆ ಕೇಳಬಾರದೆಂದು ಓಡುತ್ತಿರುವಾಗಲೇ, ಹೇಳಿದ್ದಳು. ಊರಿನ ಬಸ್ ನಿಲ್ದಾಣದಲ್ಲಿ ಅವಳನ್ನು ಕಾರಿಗೆ ಎಳೆದು ಹಾಕಿಕೊಂಡವನ ಹೆಸರು ಆವತ್ತು ಅವಳಿಗೆ ಗೊತ್ತಿರಲಿಲ್ಲ. ಅವನ ಮನೆಯ ಅಜ್ಜಿ ಹೊಸಿಲಿಗೆ ಅಡ್ಡ ಮಲಗಿದಳಂತೆ, ದಾಟಿದರೆ ಶಾಪ ಎಂದು. ತಲೆಗೆ ಬಿಳಿ ವಸ್ತ್ರ ಕಟ್ಟಿದರು, ಅದನ್ನು ಕಟ್ಟಿದರೆ ಆ ಮನೆಯ ಸೊಸೆಯಾದ ಹಾಗೆ. ತವರಿಗೆ ಸುದ್ದಿ ಹೋಯಿತು. ತಾಯಿ ಬಂದು, ಚಹಾ ಕುಡಿದು, "ಕಲ್ಲು ಬಿದ್ದ ಕಡೆಯೇ ಭಾರ ಮಗಳೇ, ಇಲ್ಲೇ ಇರು" ಎಂದು ಹೇಳಿ ಹೋದಳು. ಮದುವೆ ಆಯಿತು. ಆಮೇಲಿನದನ್ನು ಹೇಳುವಾಗ ಅರೂಕೆ ಯಂತ್ರದ ಪೆಡಲನ್ನು ಇನ್ನೂ ಜೋರಾಗಿ ಒತ್ತಿದಳು. ನನಗೂ ಕೇಳಿಸಲಿಲ್ಲ. ಕೇಳಿಸುವುದು ಬೇಕಿರಲಿಲ್ಲ.

ಕೊನೆಗೊಂದು ದಿನ ಕುರಿ ಮಾರುವವರ ಲಾರಿ ಹತ್ತಿ ಬಂದಳು. ಈ ನಗರದಲ್ಲಿ ಅರೂಕೆಯರು ಬೇಕಾದಷ್ಟಿದ್ದಾರೆ. ಬರೀ ಅರೂಕೆ ಎಂದರೆ ಯಾರೂ ಅಲ್ಲ. ಅಪ್ಪನ ಹೆಸರು, ಊರಿನ ಹೆಸರು ಸೇರಿದರೆ ಮಾತ್ರ ಅದು ವಿಳಾಸ. ಅವೆರಡನ್ನೂ ಅವಳು ಯಾರಿಗೂ ಕೊಟ್ಟಿರಲಿಲ್ಲ.

ಕೊಟ್ಟದ್ದು ಇಯ್ನೆಗೆ.

ಇಯ್ನೆ ಎಂದರೆ ಸೂಜಿ. ನಮ್ಮ ಪಕ್ಷ. ನಗರಸಭೆಯಲ್ಲಿ ನಮ್ಮವರೊಬ್ಬರು ಕೂತರೆ ಬಡಾವಣೆಗೆ ನಂಬರು ಬರುತ್ತದೆ, ನಂಬರು ಬಂದರೆ ನೀರು ಬರುತ್ತದೆ ಎಂದು ಕಟ್ಟಿದ್ದು. ಮುಂದೆ ನಿಂತವನು ಎಲ್ದಿಯಾರ್. ವಕೀಲ. ನನಗಿಂತ ಚಿಕ್ಕವನು. ಒಳ್ಳೆಯವನು. ಒಳ್ಳೆಯವನೆಂದೇ ನನಗೆ ಇಷ್ಟು ಸಿಟ್ಟು. ನೀರಿನ ಲಾರಿ ನಿಂತ ಬೇಸಿಗೆಯಲ್ಲಿ ನಮ್ಮ ಜೊತೆ ರಸ್ತೆಯಲ್ಲಿ ಕೂತು ಪೊಲೀಸರಿಂದ ಒದೆ ತಿಂದಿದ್ದ. ನಮ್ಮ ಬೀದಿಯಲ್ಲಿ ಸದಸ್ಯರನ್ನು ಮಾಡುವ ಕೆಲಸ ನನ್ನದಾಯಿತು. ರಜೆಯ ದಿನ ಮನೆಮನೆ ಹತ್ತಿ ಇಳಿದೆ. ಉಬ್ಬಿದ ನರದ ಕಾಲಿನಲ್ಲೇ. ಸಂಬಳವಿಲ್ಲ, ಯಾರೂ ಹೇಳಿರಲಿಲ್ಲ, ನಾನೇ ಹೋದೆ.

ಸ್ವಯಂಸೇವಕರಿಗೆ ಪಾಠ ಹೇಳಲು ಪಕ್ಷದವರು ಒಬ್ಬ ಹುಡುಗಿಯನ್ನು ಕರೆಸಿದ್ದರು. ಬೇಕಾದ್ದಕ್ಕಿಂತ ಹೆಚ್ಚು ಕೇಳಬೇಡಿ ಎಂದಳು. ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರಿಗೆ ತೋರಿಸಬೇಡಿ. ಕೆಲಸ ಮುಗಿದ ಮೇಲೆ ಅಳಿಸಿಹಾಕಿ. ಎಲ್ಲರೂ ತಲೆದೂಗಿದೆವು. ಎಲ್ದಿಯಾರ್ ಎಲ್ಲರಿಗಿಂತ ಜೋರಾಗಿ ತಲೆದೂಗಿದ. ನನಗೆ ಅದು ಹೊಸದೆನಿಸಲಿಲ್ಲ. ಇಸ್ತ್ರಿಗೆ ಬಂದ ಅಂಗಿಯನ್ನು ನಾನು ಹಾಕಿಕೊಂಡು ಸಂತೆಗೆ ಹೋಗುತ್ತೇನೆಯೇ?

ಪಕ್ಷದ ನೋಂದಣಿಗೆ ಸ್ಥಾಪಕ ಸದಸ್ಯರು ಬೇಕಿತ್ತು. ಸ್ಥಾಪಕರದ್ದು ಎಲ್ಲ ಬೇಕು: ಪಾಸ್‌ಪೋರ್ಟಿನ ಫೋಟೋ, ಅಪ್ಪನ ಹೆಸರು, ಹುಟ್ಟಿದ ಊರು. ನಾನು ಫೋನಿನಲ್ಲಿ ತುಂಬಬೇಕು, ಅಲ್ಲಿಂದ ಎಲ್ದಿಯಾರನ ಫೋನಿಗೆ ಕಳಿಸಬೇಕು. ಅರೂಕೆಯನ್ನು ನಾನು ಕೇಳಿರಲಿಲ್ಲ. ಅವಳೇ ಬಂದಳು. ಅಂಗಿಗಳ ರಾಶಿಯ ಪಕ್ಕ ನಿಂತು, ತಲೆವಸ್ತ್ರದ ತುದಿ ಸುತ್ತುವ ಹಾಗೆ ಅಳತೆಯ ಟೇಪನ್ನು ಬೆರಳಿಗೆ ಸುತ್ತುತ್ತಾ ಕೇಳಿದಳು.

"ಎಜೆ, ಇದನ್ನೆಲ್ಲ ಯಾರು ನೋಡ್ತಾರೆ?"

"ಎಲ್ದಿಯಾರ್ ನೋಡ್ತಾನೆ. ನೋಂದಣಿ ಕಚೇರಿಯವರು ನೋಡ್ತಾರೆ."

"ಊರಿಗೆ ಹೋಗುತ್ತಾ?"

"ಊರಿಗೆ ಯಾಕೆ ಹೋಗುತ್ತೆ? ಹೋಗಲ್ಲ. ನಿನಗೆ ಬೇಡ ಅಂದ್ರೆ ಬೇಡ, ಹುಡುಗಿ. ನೀನಿಲ್ದೆ ಇದ್ರೆ ಪಕ್ಷ ಮುಳುಗಲ್ಲ."

ಅವಳು ಟೇಪನ್ನು ಬೆರಳಿಂದ ಬಿಚ್ಚಿದಳು. ಆಮೇಲೆ ಪಾಸ್‌ಪೋರ್ಟ್ ತೆಗೆದಳು. ಒಳ ಅಂಗಿಗೆ ಜೇಬು ಹೊಲಿದು ಅದರಲ್ಲಿ ಇಟ್ಟುಕೊಂಡಿದ್ದಳು. ಬೆವರಿಗೆ ರಟ್ಟು ಮೆತ್ತಗಾಗಿತ್ತು.

"ಮದುವೆಗೆ ನನ್ನ ಸಹಿ ಯಾರೂ ಕೇಳ್ಲಿಲ್ಲ ಎಜೆ. ಕೈ ಹಿಡಿದು ಹಾಕಿಸಿದ್ರು. ಒಂದು ಕಡೆಯಾದ್ರೂ ನಾನೇ ಹಾಕ್ಬೇಕು."

ಹಾಕಿದಳು. ನಿಧಾನವಾಗಿ ಹಾಕಿದಳು. ಹಾಕಿದ ಮೇಲೆ ಅದನ್ನು ನೋಡಿದಳು, ಹೊಸದಾಗಿ ಹೊಲಿದ ಕಾಲರನ್ನು ನೋಡುವ ಹಾಗೆ ತಲೆ ಓರೆ ಮಾಡಿ. ಅವಳು ಬಟ್ಟೆಯ ತುಂಡು ಹಿಡಿಯದೆ ನಕ್ಕದ್ದನ್ನು ನಾನು ನೋಡಿದ್ದು ಆವತ್ತು ಮಾತ್ರ.

*

ಬಡಾವಣೆಯ ಹಿರಿಯ ತುರ್ದಾಲಿ ಅತಾ; ಅತಾ ಎಂದರೆ ತಂದೆ. ಅವನು ಹೂಂ ಎಂದರೆ ಗಂಡಸರೆಲ್ಲ ಹೂಂ. ಎಲ್ದಿಯಾರನಿಗೆ ಅವನ ಹೂಂ ಬೇಕಿತ್ತು. ಅತಾನ ಅಂಗಳದಲ್ಲಿ ಚಹಾಕೂಟ ಇಟ್ಟ. ಕುರಿ ಕೊಯ್ದರು. ಕೆಲಸ ಮಾಡುವ ಹೆಂಗಸರು ಕಾಣಬೇಕು, ಸದಸ್ಯರನ್ನು ಕರಕೊಂಡು ಬನ್ನಿ ಎಂದ.

"ಫೋಟೋ ಗೀಟೋ ತೆಗೆಯೋ ಹಾಗಿಲ್ಲ," ಎಂದೆ.

"ಒಂದೂ ಇಲ್ಲ ಎಜೆ. ನನ್ನ ತಾಯಾಣೆ."

ಮಾತು ಉಳಿಸಿಕೊಂಡ. ಒಂದೂ ಫೋಟೋ ತೆಗೆಯಲಿಲ್ಲ.

ಅತಾನ ಅಂಗಳದ ಜರ್ದಾಲು ಮರದ ಕೆಳಗೆ ಮರದ ಜಗುಲಿ. ಅದರ ಮೇಲೆ ಊಟದ ಬಟ್ಟೆ ಹಾಸಿ ರೊಟ್ಟಿ, ಬೆಣ್ಣೆ, ಒಣದ್ರಾಕ್ಷಿ, ಮಾಂಸ. ಮೇಲ್ಗಡೆ ಅತಾ ಮತ್ತು ಗಂಡಸರು. ಕೆಳಗಡೆ ನಾವು. ನಾವು ಹೊಲಿದ ಅಂಗಿಯನ್ನೇ ಹಾಕಿಕೊಂಡು ಬಂದಿದ್ದೆವು, ಹೊಲಿಗೆ ಬಿಟ್ಟು ಬೇಡವಾದದ್ದನ್ನು. ಎಲ್ಲರಿಗಿಂತ ಚಿಕ್ಕವಳು ಚಹಾ ಬಗ್ಗಿಸಬೇಕು. ಅರೂಕೆ ಬಗ್ಗಿಸುತ್ತಿದ್ದಳು. ಬಟ್ಟಲಿಗೆ ಅರ್ಧ ಮಾತ್ರ. ತುಂಬಿಸಿ ಕೊಟ್ಟರೆ ಎದ್ದು ಹೋಗು ಎಂದು ಅರ್ಥ. ಹಾಗೆ ಅರ್ಧರ್ಧ ಬಗ್ಗಿಸಿ, ಎಡಗೈಯಿಂದ ಬಲಮೊಣಕೈ ಮುಟ್ಟಿಕೊಂಡು, ಬಾಗಿ ಕೊಡುತ್ತಿದ್ದಳು.

ಅತಾನಿಗೆ ಸಂತೋಷವಾಯಿತು.

"ಕೈ ಚೆನ್ನಾಗಿದೆ. ಯಾರ ಮಗಳವ್ವ ನೀನು?"

"ಇಲ್ಲಿಯವಳೇ ಅತಾ."

"ಇಲ್ಲಿಯವರು ಅಂತ ಇಲ್ಲಿ ಯಾರಿದಾರೆ? ಈ ಬಡಾವಣೆಗೆ ಇನ್ನೂ ಹಾಲುಹಲ್ಲೇ ಬಿದ್ದಿಲ್ಲ." ಎಲ್ಲರೂ ನಕ್ಕರು. "ಯಾವ ಊರು ಹೇಳು. ನಾಚ್ಕೋಬೇಡ."

"ಚಿಕ್ಕಂದಿನಲ್ಲೇ ಬಿಟ್ಟುಬಂದೆ ಅತಾ. ನೆನಪಿಲ್ಲ."

ನಗು ನಿಂತಿತು. ಅಪ್ಪನ ಊರು ನೆನಪಿಲ್ಲ ಎನ್ನುವ ಮಾತು ನಮ್ಮ ಕಡೆ ಹೇಳುವಂಥದ್ದಲ್ಲ. ಮೇಲ್ಗಡೆ ಕೂತ ಒಬ್ಬ ಮೂಳೆ ಚೀಪುತ್ತಾ ಅಂದ, "ಎಂಥೆಂಥವರನ್ನ ಸೇರಿಸ್ಕೊಂಡಿದೀರಪ್ಪ ಪಕ್ಷಕ್ಕೆ. ಬುಡ ಬೇರು ಇಲ್ಲದವರು."

"ಅವಳು ನನ್ನ ತಂಗಿ ಅಂತ ಇಟ್ಕೊಳ್ಳಿ ಅತಾ," ಎಂದೆ. "ಚಹಾ ಆರಿಹೋಗುತ್ತೆ, ಕುಡೀರಿ."

"ತಂಗಿ ಅಂದ್ಮೇಲೆ ನಿಮ್ಮಪ್ಪನ ಹೆಸರಾದ್ರೂ ಹೇಳ್ಬೇಕಲ್ಲ ಅವಳು?" ಎಂದ ಅತಾ. ಕೆಟ್ಟ ಮನಸ್ಸಿಲ್ಲ. ನಿಜಕ್ಕೂ ಇಲ್ಲ. ಅವನಿಗೆ ಅವಳನ್ನು ಎಲ್ಲಾದರೂ ಒಂದು ಕಡೆ ಕೂರಿಸಬೇಕಿತ್ತು, ಅಷ್ಟೇ. ಕೂರಿಸಲು ಜಾಗ ಸಿಗದ ಮನುಷ್ಯರನ್ನು ಕಂಡರೆ ಹಿರಿಯರಿಗೆ ಕಸಿವಿಸಿ.

ಎಲ್ದಿಯಾರನ ಕಿವಿ ಕೆಂಪಾಗಿತ್ತು. ಅವನ ಪಕ್ಷದ ಮರ್ಯಾದೆ. ಅವನು ಫೋನು ತೆಗೆದ. ಹೆಬ್ಬೆರಳಿನಿಂದ ಏನನ್ನೋ ಮೇಲೆ ಸರಿಸಿದ, ಸರಿಸಿದ. ಅವನೇನು ಮಾಡುತ್ತಿದ್ದಾನೆ ಎಂದು ನನಗೆ ತಡವಾಗಿ ಹೊಳೆಯಿತು.

"ತಮ್ಮಾ, ಬೇಡ."

ಅವನು ನನ್ನ ಕಡೆ ನೋಡಿ ನಕ್ಕ. ನಾನು ಸಂಕೋಚಕ್ಕೆ ಹೇಳುತ್ತಿದ್ದೇನೆ ಎಂದುಕೊಂಡ.

"ಅತಾ, ಇಯ್ನೆಯಲ್ಲಿ ಬೇರಿಲ್ಲದವರು ಯಾರೂ ಇಲ್ಲ. ಹುಡುಗಿ ನಾಚ್ಕೋತಾಳೆ, ನಾನು ಹೇಳ್ತೀನಿ ಕೇಳಿ. ಅರೂಕೆ. ಸಾದಿಕ್‌ನ ಮಗಳು. ಬೆಟ್ಟದಾಚೆ ಅಕ್-ಜಿಲ್ಗಾ."

ಬಡಿಸಿದ. ರೊಟ್ಟಿಯ ಪಕ್ಕ, ಬೆಣ್ಣೆಯ ಪಕ್ಕ, ಊಟದ ಬಟ್ಟೆಯ ಮಧ್ಯೆ ಬಡಿಸಿದ. ಬೆವರಿಗೆ ಮೆತ್ತಗಾದ ರಟ್ಟಿನ ಒಳಗಿದ್ದದ್ದನ್ನು.

"ಅಕ್-ಜಿಲ್ಗಾ!" ಅತಾ ತೊಡೆ ತಟ್ಟಿಕೊಂಡ. "ನನ್ನ ಬೀಗರ ಊರು! ಅಯ್ಯೋ ಮಗಳೇ, ನೀನು ನನಗೆ ನಂಟು, ಇಷ್ಟೊತ್ತು ಪರದೇಶಿ ಹಾಗೆ ಕೂತಿದೀಯಲ್ಲ!" ಆಗಲೇ ಅವನ ಕೈಯಲ್ಲಿ ಫೋನಿತ್ತು. ಆ ವಯಸ್ಸಿನವರು ಫೋನಿನಲ್ಲಿ ಮಾತಾಡುವುದು ಬೆಟ್ಟದಾಚೆಗೆ ನೇರ ಕೂಗಿದ ಹಾಗೆ. "ಬೀಗಾ! ಸಲಾಂ! ಕುರಿಗಳು ಹೇಗಿವೆ? ನೋಡು, ನಿಮ್ಮೂರ ಸಾದಿಕ್‌ನ ಮಗಳು ನಮ್ಮ ಬಡಾವಣೆಯಲ್ಲೇ ಇದಾಳಯ್ಯಾ! ನನ್ನ ಕೈಗೆ ಚಹಾ ಕೊಡ್ತಾ ಇದಾಳೆ! ಅವಳಪ್ಪಂಗೆ ಹೇಳು!"

ಅರೂಕೆ ಬಗ್ಗಿಸುತ್ತಲೇ ಇದ್ದಳು. ಅರ್ಧಕ್ಕೆ ನಿಲ್ಲಿಸಲಿಲ್ಲ. ಬಟ್ಟಲು ತುಂಬಿತು. ತುಂಬಿ, ಅದನ್ನು ಹಿಡಿದ ಬೆರಳುಗಳ ಮೇಲೆ ಸುಡು ಚಹಾ ಹರಿಯಿತು. ಅವಳು ಕೈ ತೆಗೆಯಲಿಲ್ಲ. ನಾನು ಹೋಗಿ ಬಟ್ಟಲು ಕಿತ್ತುಕೊಂಡೆ.

ಹೊರಗೆ ಬಂದ ಮೇಲೆ ಎಲ್ದಿಯಾರ್ ಓಡಿ ಬಂದ. ಮುಖ ಬೆಳಗುತ್ತಿತ್ತು.

"ನೋಡಿದ್ರಾ ಎಜೆ? ಅತಾ ನಮ್ಮ ಕಡೆ ಆದ್ರು. ಪೂರ್ತಿ ಆದ್ರು."

ಅವನಿಗೆ ಹೇಳಿದೆ. ಎಲ್ಲ ಹೇಳಲಿಲ್ಲ, ಅವಳು ಗಂಡನ ಮನೆಯಿಂದ ಓಡಿಬಂದವಳು ಎಂಬಷ್ಟು ಹೇಳಿದೆ. ಅವನ ಮುಖ ಒಂದು ಕ್ಷಣ ಆರಿತು. ಆಮೇಲೆ ಮತ್ತೆ ಹೊತ್ತಿಕೊಂಡಿತು.

"ಛೇ, ಊರಿನ ಹೆಸರು ಅಷ್ಟೇ ಅಲ್ವಾ. ಅಷ್ಟು ದೂರದಿಂದ ಯಾರು ಬರ್ತಾರೆ? ಕಾನೂನಿದೆ ಎಜೆ. ಈಗ ಕಾನೂನು ಇದೆ."

*

ಅರೂಕೆಯನ್ನು ನನ್ನ ಕೋಣೆಗೆ ಕರೆದುಕೊಂಡು ಬಂದೆ. ಓಡಿಹೋಗು ಎಂದೆ. "ಎಲ್ಲಿಗೆ ಎಜೆ? ಹೋದ ಕಡೆ ಎಲ್ಲ ಕೇಳ್ತಾರೆ, ಯಾರ ಮಗಳು ಅಂತ." ಕೆಲವು ದಿನ ಅಡಗಿದ್ದಳು. ಆಮೇಲೆ ನೆಲಮಾಳಿಗೆಯ ಒಡತಿ ಹೇಳಿ ಕಳಿಸಿದಳು: ಸರಕು ಹೋಗಬೇಕು, ನಾಳೆ ಬರದಿದ್ದರೆ ಯಂತ್ರಕ್ಕೆ ಬೇರೆಯವಳನ್ನು ಕೂರಿಸುತ್ತೇನೆ. ಅರೂಕೆ ಬಂದಳು.

ಮಧ್ಯಾಹ್ನ. ನಾವು ಮೆಟ್ಟಿಲ ಮೇಲೆ ಬಿಸಿಲಿಗೆ ಕೂತು ರೊಟ್ಟಿ ತಿನ್ನುತ್ತಿದ್ದೆವು. ಅವಳು ಒಳಗೇ ಇದ್ದಳು, ಯಂತ್ರದ ಸದ್ದು ಕೇಳುತ್ತಿತ್ತು. ಕಾರು ಬಂತು. ಗಂಡಸರು ಇಳಿದರು. ಹಿಂದಿನಿಂದ ಒಬ್ಬ ಮುದುಕಿ ಇಳಿದಳು, ಕೈಯಲ್ಲಿ ಮಡಿಸಿದ ಬಿಳಿ ವಸ್ತ್ರ. ಬಹಳ ಮರ್ಯಾದೆಯಿಂದ ಸಲಾಂ ಹೇಳಿದರು. ಸಲಾಂ ಹೇಳಿದವರಿಗೆ ಕೈ ತಾನಾಗಿ ಎದೆಗೆ ಹೋಗುತ್ತದೆ. ನನ್ನ ಕೈಯೂ ಹೋಯಿತು. ಅಷ್ಟರಲ್ಲಿ ಅವರು ಮೆಟ್ಟಿಲಿಳಿದಿದ್ದರು.

ಯಂತ್ರದ ಸದ್ದು ನಿಂತಿತು.

ಅವಳನ್ನು ತೋಳು, ಕಾಲು ಹಿಡಿದು ಎತ್ತಿ ತಂದರು. ಮನುಷ್ಯರನ್ನು ಹೀಗೆ ಎತ್ತುವುದಿಲ್ಲ. ಕುರಿಯನ್ನು ಎತ್ತುತ್ತಾರೆ. ನಾನು ಅವಳ ಸೊಂಟ ಹಿಡಿದುಕೊಂಡೆ. ಕಲೀಪಾ ಎಜೆ ದಾರದ ಕತ್ತರಿಯಿಂದ ಒಬ್ಬನ ಕೈಗೆ ಚುಚ್ಚಿದಳು. ಅವನು ಅವಳನ್ನು ಗೋಡೆಗೆ ತಳ್ಳಿದ, "ಕ್ಷಮಿಸಿ ಅಪಾ" ಎಂದು ತಾಯಿಯನ್ನು ಕರೆವ ಹಾಗೆ ಕರೆಯುತ್ತಲೇ ತಳ್ಳಿದ. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಕಿರುಬೆರಳು ಚಟ್ ಎಂದಿತು. ಈಗಲೂ ನೆಟ್ಟಗಾಗಿಲ್ಲ, ಇಸ್ತ್ರಿಯ ಹಿಡಿಗೆ ಸರಿಯಾಗಿ ಕೂರುವುದಿಲ್ಲ.

"ಇದು ಮನೆ ವಿಷಯ," ಎಂದ ಒಬ್ಬ, ಬೀದಿಯಲ್ಲಿ ಸೇರಿದವರಿಗೆ. ಬೀದಿಯಲ್ಲಿ ಸೇರಿದವರು ಹೌದು ಹೌದು ಎಂದು ದಾರಿ ಬಿಟ್ಟರು.

ಮುದುಕಿ ಕಾರಿನ ಒಳಗೆ ಬಾಗಿ ಬಿಳಿ ವಸ್ತ್ರವನ್ನು ಅವಳ ತಲೆಗೆ ಕಟ್ಟುತ್ತಿದ್ದಳು. ಅಳುತ್ತಿದ್ದಳು. "ಮನೆಗೆ ನಡಿ ಮಗಳೇ, ಮನೆಗೆ ನಡಿ."

ಒಳಗೆ, ಎಳೆದಾಟದಲ್ಲಿ ಯಾರದೋ ಕೈ ತಾಗಿ, ನನ್ನ ಇಸ್ತ್ರಿ ಅಂಗಿಯ ಮೇಲೆ ಬಿದ್ದಿತ್ತು. ಸುಟ್ಟ ವಾಸನೆ ಬೀದಿಗೆ ಬರುವವರೆಗೂ ಯಾರಿಗೂ ನೆನಪಾಗಲಿಲ್ಲ.

ಠಾಣೆಗೆ ಹೋದೆ. ಅಲ್ಲಿ ಕೂತವನು ನನ್ನ ಬೆರಳು ನೋಡಿದ, ನನ್ನ ಕಡೆ ನೋಡಲಿಲ್ಲ.

"ಅವಳಿಗೆ ನೀವು ಏನಾಗ್ಬೇಕು?"

"ಜೊತೆ ಕೆಲಸ ಮಾಡೋಳು."

"ಸಂಬಂಧಿಕರು ಬರ್ಲಿ. ಗಂಡ ಹೆಂಡ್ತೀನ ಕರ್ಕೊಂಡು ಹೋದ್ರೆ ಅದಕ್ಕೆ ಏನಂತ ಬರ್ಕೊಳ್ಳಿ? ಸರಿ, ಬರ್ಕೋತೀನಿ. ಯಾವುದೋ ಪಕ್ಷ ಅಂದ್ರಲ್ಲ. ಅದರಲ್ಲಿ ಯಾರ್ಯಾರಿದೀರಿ? ಸಾಕ್ಷಿಗೆ ಬೇಕಾಗುತ್ತೆ. ಹೆಸರು, ಎಲ್ಲಿರೋದು, ಒಬ್ಬೊಬ್ಬರದೇ ಹೇಳಿ."

"ನನ್ನದು ಬರ್ಕೊಳ್ಳಿ."

"ಉಳಿದವರದು?"

"ನನ್ನದು ಬರ್ಕೊಳ್ಳಿ."

ಅವನು ಪೆನ್ನಿನ ಮುಚ್ಚಳ ಹಾಕಿದ.

*

ಎಲ್ದಿಯಾರ್ ನೆಲಮಾಳಿಗೆಗೇ ಬಂದ. ಮೊದಲ ಸಲ ಬಂದದ್ದು. ತಲೆ ಬಗ್ಗಿಸಿ ಇಳಿದ, ಆದರೂ ಹಣೆ ತೊಲೆಗೆ ಹೊಡೆಯಿತು. ಕಣ್ಣು ಕೆಂಪಾಗಿತ್ತು. ಅತ್ತಿದ್ದ ಎಂದು ಕಾಣುತ್ತದೆ. ಅತ್ತರೆ ಅಳಲಿ. ನಾನು ಇಸ್ತ್ರಿ ನಿಲ್ಲಿಸಲಿಲ್ಲ.

"ಎಜೆ, ನಾನು ಬೇರೆ ವಕೀಲರ ಜೊತೆಗೂ ಮಾತಾಡ್ತಾ ಇದೀನಿ. ಬಿಡಲ್ಲ. ಆದ್ರೆ..."

"ಆದ್ರೆ?"

"ಈಗ ಇದು ಪತ್ರಿಕೆಗೆ ಹೋದ್ರೆ ಪಕ್ಷ ಮುಗೀತು. ಗಡುವು ಹತ್ತಿರ ಬಂತು. ನಿಮ್ಮ ಬೀದಿಯವರ ವಿವರ ಇನ್ನೂ ನಿಮ್ಮ ಫೋನಲ್ಲೇ ಇದೆ. ಅದಷ್ಟು ಬಂದ್ರೆ ಸಂಖ್ಯೆ ತುಂಬುತ್ತೆ."

"ಅರೂಕೇದು ಅಳಿಸಿದೆಯಾ?"

ಅವನು ಹಣೆಯ ಏಟನ್ನು ಸವರಿಕೊಂಡ.

"ಅಳಿಸಿದೆಯಾ ತಮ್ಮಾ?"

"ಅದು ಆಗ್ಲೇ ಕಚೇರಿಗೆ ಹೋಗಿದೆ. ಸ್ಥಾಪಕ ಸದಸ್ಯೆ. ಅವಳ ಸಹಿ..." ನನ್ನ ಇಸ್ತ್ರಿಯ ಕಡೆ ನೋಡಿದ. "ಅವಳ ಸಹಿ ಈಗಲೂ ಲೆಕ್ಕಕ್ಕಿದೆ."

ಹಬೆ ಬುಸ್ ಎಂದಿತು. ಓವರ್‌ಲಾಕ್ ಯಂತ್ರದ ಮುಂದೆ ಹೊಸ ಹುಡುಗಿ ಕೂತಿದ್ದಳು, ಅವಳು ಕೂಡ ಪೆಡಲು ಬಿಟ್ಟಳು.

"ಹಾಗಾದ್ರೆ ಅವಳು ಅಲ್ಲಿ ಹೊಡೆತ ತಿಂತಾ ನಿನ್ನ ಪಕ್ಷ ಸ್ಥಾಪನೆ ಮಾಡ್ತಾ ಇದಾಳೆ."

"ಎಜೆ, ದಯವಿಟ್ಟು. ನಾನು ಅವಳಿಗೆ ಕೆಟ್ಟದ್ದು ಮಾಡಬೇಕು ಅಂತ ಹೇಳಿದ್ನಾ? ಅಲ್ಲಿ ಅಷ್ಟು ಜನರ ಮುಂದೆ ಅವಳನ್ನ ಗುಲಾಮರ ಮಗಳು ಅನ್ನೋ ಹಾಗೆ ನೋಡ್ತಿದ್ರು. ನಾನು ಅವಳ ಮರ್ಯಾದೆ ಉಳಿಸಿದೆ."

"ಅವಳು ನಿನಗೆ ಮರ್ಯಾದೆ ಉಳಿಸು ಅಂದ್ಲಾ? ಅವಳು ಕೊಟ್ಟಿದ್ದು ಇಟ್ಕೋ ಅಂತ. ಅಷ್ಟೇ ಅವಳು ಕೇಳಿದ್ದು. ಇಟ್ಕೊಳ್ಳೋಕೆ ಆಗ್ಲಿಲ್ಲ ನಿನಗೆ."

"ಫೋನ್ ಕೊಡಿ ಎಜೆ. ನೀರು ಬೇಡ್ವಾ ನಿಮಗೆ? ಮಕ್ಕಳಿಗೆ ಶಾಲೆ ಬೇಡ್ವಾ?"

ಬೇಕು. ನೀರು ಬೇಕು. ಕೊಡ ಹೊತ್ತು ನನ್ನ ಕತ್ತಿನ ಮೂಳೆ ಒಂದು ಕಡೆಗೆ ವಾಲಿದೆ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವನು ಕೈ ಚಾಚಿದ. ಆ ಕೈ ನನ್ನ ಇಸ್ತ್ರಿಯ ಮೇಜಿನ ಮೇಲೆ, ಅಂಗಿಯ ಮೇಲೆ ಬಂದು ನಿಂತಿತು. ತೆಳ್ಳನೆಯ ಬೆರಳುಗಳು. ನಾನು ಇಸ್ತ್ರಿಯನ್ನು ಅದರ ಪಕ್ಕಕ್ಕೆ, ಬಿಸಿ ತಾಗುವಷ್ಟು ಹತ್ತಿರಕ್ಕೆ ಇಟ್ಟೆ.

"ಕೊಡಲ್ಲ."

"ಎಜೆ..."

"ಕೊಡಲ್ಲ. ಕೈ ತೆಗಿ."

ತೆಗೆದ.

ಆ ದಿನವೇ ಬೀದಿ ಹಿಡಿದೆ. ನಾನು ವಿವರ ತೆಗೆದುಕೊಂಡಿದ್ದ ಎಲ್ಲ ಮನೆಗಳಿಗೂ ಹೋದೆ. ಪ್ರತಿ ಬಾಗಿಲಲ್ಲಿ ಫೋನು ತೆಗೆದು, ಆ ಮನೆಯವಳ ಪುಟವನ್ನು ಅವಳಿಗೇ ತೋರಿಸಿ, ಅವಳ ಕಣ್ಣೆದುರಿಗೇ ಅಳಿಸಿದೆ. ಅವರಲ್ಲಿ ಕೆಲವರು ನನ್ನ ಕೈ ಹಿಡಿದುಕೊಂಡರು, ಯಾಕೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೆಲವರು ಬೈದರು. ಎಲ್ಲರಿಗಿಂತ ಹೆಚ್ಚು ಬೈದವಳು ಕಲೀಪಾ ಎಜೆ.

"ಏ ಜೂರಾ, ಒಬ್ಬಳಿಗೋಸ್ಕರ ಇಡೀ ಬೀದಿಯ ನೀರು ಚೆಲ್ಲಿದೆಯಲ್ಲೇ! ಈ ಮುದುಕಿ ಇನ್ನೂ ಎಷ್ಟು ಚಳಿಗಾಲ ಕೊಡ ಹೊರಬೇಕು?"

"ನಿಮ್ಮದು ಇಟ್ಕೊಳ್ಲಾ ಎಜೆ?"

ಅವಳು ಹೊಸಿಲ ಮೇಲೆ ಕೂತಳು. ಗೋಡೆಗೆ ತಳ್ಳಿಸಿಕೊಂಡ ಭುಜವನ್ನು ಉಜ್ಜಿಕೊಂಡಳು.

"ಇಟ್ಕೊ. ನನ್ನನ್ನ ಹುಡುಕಿಕೊಂಡು ಬರೋರು ಯಾರಿದಾರೆ." ಆಮೇಲೆ, ಇನ್ನೂ ಸಿಟ್ಟಿನಲ್ಲೇ, "ಬೇಡ. ಅಳಿಸು. ಅಳಿಸು ಅಂದೆ."

ಇಯ್ನೆಯ ಸಂಖ್ಯೆ ತುಂಬಲಿಲ್ಲ. ನೀರು ಬರಲಿಲ್ಲ. ಅದು ನನ್ನಿಂದ ಎನ್ನುವವರಿದ್ದಾರೆ. ಅನ್ನಲಿ.

*

ಅರೂಕೆಯ ಫೋನು ಅವಳನ್ನು ಹೊತ್ತೊಯ್ದ ದಿನವೇ ಕಾರಿನ ಚಕ್ರದ ಕೆಳಗೆ ಸಿಕ್ಕಿ ಪುಡಿಯಾಗಿತ್ತು. ಅವಳನ್ನು ತಲುಪುವ ದಾರಿ ಒಂದೇ. ತುರ್ದಾಲಿ ಅತಾನ ಅಂಗಳಕ್ಕೆ ಹೋದೆ. ಜಗುಲಿಯ ಮೇಲೆ ಒಬ್ಬನೇ ಕೂತಿದ್ದ. ಪಕ್ಕದಲ್ಲಿ ಹೊಸ ನಿಲುವಂಗಿ, ಇನ್ನೂ ಪ್ಲಾಸ್ಟಿಕ್ಕಿನ ಚೀಲದಲ್ಲಿ. ಸೊಸೆಯನ್ನು ಹುಡುಕಿಕೊಟ್ಟದ್ದಕ್ಕೆ ಅರೂಕೆಯ ಗಂಡನ ಮನೆಯವರು ಕಳಿಸಿದ್ದು.

"ಹಾಕಿಕೊಂಡಿಲ್ವಾ ಅತಾ? ನಿಮ್ಮ ಅಳತೆಗೆ ಇದೆ."

ಅವನು ಚೀಲವನ್ನು ದೂರಕ್ಕೆ ಸರಿಸಿದ. ಅವಳ ಜೊತೆ ಮಾತಾಡಬೇಕು, ನಿಮ್ಮ ಫೋನಿಂದ ಮಾಡಿ ಎಂದೆ. ನನ್ನ ನಂಬರು ಅಲ್ಲಿ ಉಳಿಯಬಾರದು. ಅವನು ಕಣ್ಣು ಕಿರಿದು ಮಾಡಿ ಗುಂಡಿಗಳನ್ನು ಒತ್ತಿದ. ಕಿವಿ ಮಂದ, ಆದ್ದರಿಂದ ಸದ್ದು ಹೊರಗೇ ಕೇಳುವ ಹಾಗೆ ಇಟ್ಟ. ಬಿಳಿ ವಸ್ತ್ರ ತಂದಿದ್ದ ಮುದುಕಿ, ಅವಳ ಅತ್ತೆ, ಎತ್ತಿಕೊಂಡಳು. ಅತಾನ ದನಿ ಕೇಳಿ ಹಿಗ್ಗಿದಳು. ಸಲಾಂ, ಆರೋಗ್ಯ, ಕುರಿ, ಹುಲ್ಲು. ಸೊಸೆ ಹೇಗಿದ್ದಾಳೆ ಎಂದ ಅತಾ.

"ಇದಾಳೆ. ಹಾಲು ಕರೀತಾಳೆ, ರೊಟ್ಟಿ ತಟ್ತಾಳೆ. ನಾಲಿಗೆ ಮಾತ್ರ ಕಲ್ಲು. ನಮ್ಮ ಪಕ್ಕದ ಊರಿನ ಸೊಸೆ ಒಬ್ಬಳು ಓಡಿಹೋದಳಲ್ಲ, ಅವಳೂ ನಿಮ್ಮ ಕಡೆಯೇ ಎಲ್ಲೋ ಹೊಲೀತಾ ಇದಾಳಂತೆ ಅತಾ. ಇವಳಿಗೆ ಗೊತ್ತು. ಗೊತ್ತೇ ಗೊತ್ತು. ಎಲ್ಲಿ, ಯಾರ ಮನೇಲಿ, ಯಾರ್ಯಾರು ಬಚ್ಚಿಟ್ಟಿದಾರೆ ಅಂತ ಕೇಳಿ ಕೇಳಿ ನನ್ನ ಮಗನ ಕೈ ಸೋತುಹೋಯ್ತು. ಒಂದು ಹೆಸರು, ಒಂದೇ ಒಂದು ಹೆಸರು ಬಿಡಲಿಲ್ಲ ಇವಳು."

ಅತಾ ಫೋನನ್ನು ಜಗುಲಿಯ ಮೇಲೆ ಇಟ್ಟ.

"ಅವಳಿಗೆ ಕೊಡವ್ವ," ಎಂದ. ದನಿ ಸಣ್ಣದಾಗಿತ್ತು.

ಸರಪರ ಸದ್ದು. ಬಕೆಟ್ಟಿನ ಸದ್ದು. ಆಮೇಲೆ ಉಸಿರು. ನಾನು ಫೋನಿಗೆ ಬಾಗಿದೆ.

"ಅರೂ. ನಾನು ಜೂ..."

"ಯಾರು ನೀವು?" ದನಿ ಒಡೆದಿತ್ತು, ತುಟಿ ಊದಿದವರ ದನಿ. ಆದರೆ ಗಟ್ಟಿಯಾಗಿ, ಪಕ್ಕದಲ್ಲಿ ನಿಂತವರಿಗೆ ಕೇಳುವ ಹಾಗೆ ಮಾತಾಡಿದಳು. "ನೀವು ಯಾರು ಅಂತ ನನಗೆ ಗೊತ್ತಿಲ್ಲ."

"ಹುಡುಗಿ, ನಾನು ಕಣೇ..."

"ಗೊತ್ತಿಲ್ಲ ಅಂದೆನಲ್ಲ. ಅಲ್ಲಿ ನನಗೆ ಯಾರೂ ಗೊತ್ತಿಲ್ಲ. ಇನ್ನು ಮಾಡ್ಬೇಡಿ." ಉಸಿರು. ಮತ್ತೆ ಉಸಿರು. ನಾನು ಆ ಉಸಿರನ್ನು ಕೇಳಿಕೊಂಡೆ, ಅವಳು ನನಗೆ ಕೊಡಬಹುದಾಗಿದ್ದದ್ದು ಅಷ್ಟೇ. "ಯಾರೋ ತಿಳೀದೆ ಮಾತಾಡ್ತಿದಾರೆ, ಅಪಾ. ತಗೊಳ್ಳಿ."

ಕಟ್ಟಾಯಿತು.

"ನಾನು ಸಲಾಂ ಹೇಳೋಕೆ ಅಂತ..." ಎಂದ ಅತಾ. ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡ. ನಾನು ಅವನನ್ನು ಸಮಾಧಾನ ಮಾಡಲಿಲ್ಲ. ಎದ್ದು ಕೆಲಸಕ್ಕೆ ಹೋದೆ.

ಆ ಪಕ್ಕದ ಊರಿನ ಸೊಸೆ ಇದ್ದಾಳೆ. ಈ ಹೊತ್ತಿಗೂ ಹೊಲಿಯುತ್ತಿದ್ದಾಳೆ. ಯಾವ ಬೀದಿ, ಯಾವ ನೆಲಮಾಳಿಗೆ, ಯಾರ ಮಗಳು, ನಾನು ಹೇಳುವುದಿಲ್ಲ.